ಲೈಬ್ರರಿ ಕೆಲಸಕ್ಕೆ, ಮನೆಗೆ ಯಾವ ಆನ್‌ಲೈನ್ ಸಾಧನ ಕೈ ಹಿಡಿಯಿತು? ಅನುಭವ ಹೇಳಿ

ಪ್ರಶ್ನೆ:
ನಾನು ಲೈಬ್ರರಿಯನ್. ಸುಮಾರು ಹನ್ನೆರಡು ಸಾವಿರ ಪುಸ್ತಕ, ನೋಡಿಕೊಳ್ಳಲು ನಾನು ಮತ್ತು ಒಬ್ಬ ಸಹಾಯಕರು. ಮನೆಯಲ್ಲಿ ಇಬ್ಬರು ಮಕ್ಕಳು, ಅತ್ತೆ, ಪಾಳಿ ಕೆಲಸದ ಗಂಡ. ಈ ವರ್ಷ ಆನ್‌ಲೈನ್ ಸಾಧನಗಳನ್ನು ಕಲಿತು ಬಳಸಲೇಬೇಕು ಅಂತ ಹೊರಟೆ. ಎರಡು ತಿಂಗಳಲ್ಲಿ ಏಳು ಆ್ಯಪ್ ಹಾಕಿಕೊಂಡೆ. ಈಗ ಯಾವುದನ್ನು ಎಲ್ಲಿ ಬರೆದಿಟ್ಟೆ ಅನ್ನುವುದೇ ನೆನಪಿರುವುದಿಲ್ಲ. ಕೆಲಸಕ್ಕೂ ಮನೆಗೂ ನಿಮಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಯಾವುದು? ಯಾವುದು ಬಿಟ್ಟಿರಿ, ಯಾಕೆ?

ಅನುಭವ 1:
ಮೇಡಂ, ಹದಿನೆಂಟು ವರ್ಷದಿಂದ ಕಾಲೇಜು ಲೈಬ್ರರಿಯಲ್ಲಿದ್ದೇನೆ. ಹೊಸ ಸಾಧನ ಸಿಕ್ಕಾಗ ನಾನು ಮೊದಲು ಹುಡುಕುವುದು ಅದರಿಂದ ಹೊರಗೆ ಬರುವ ಬಾಗಿಲನ್ನು. ಇದನ್ನು ಕಲಿತದ್ದು ಪೆಟ್ಟು ತಿಂದು.

ಹೊಸ ಪುಸ್ತಕಗಳ ಸುದ್ದಿ, ಜರ್ನಲ್‌ಗಳ ವಿಷಯಸೂಚಿ ಎಲ್ಲವನ್ನೂ ನಾನು ಗೂಗಲ್ ರೀಡರ್‌ನಲ್ಲಿ (ಹಲವು ತಾಣಗಳ ಹೊಸ ಬರಹಗಳನ್ನು ಒಂದೇ ಕಡೆ ತೋರಿಸುತ್ತಿದ್ದ ಸೇವೆ) ಓದುತ್ತಿದ್ದೆ. 2013ರ ಮಾರ್ಚ್‌ನಲ್ಲಿ ನಿಲ್ಲಿಸುತ್ತೇವೆ ಅಂದರು, ಜುಲೈ 1ಕ್ಕೆ ಮುಚ್ಚಿತು. ಆದರೆ ನಾನು ಓದುತ್ತಿದ್ದ ತಾಣಗಳ ಪಟ್ಟಿಯನ್ನು ಒಂದು ಫೈಲ್ ಆಗಿ ಇಳಿಸಿಕೊಳ್ಳಲು ಬಿಟ್ಟಿದ್ದರು. ಹತ್ತೇ ನಿಮಿಷದಲ್ಲಿ ಬೇರೆ ಕಡೆ ಹೋದೆ. ಅದಾದ ಮೇಲೆ ಇನ್ನೊಂದು ಸಣ್ಣ ತಾಣದಲ್ಲಿ ನಾಲ್ಕು ವರ್ಷ ಕೊಂಡಿಗಳನ್ನು ಕೂಡಿಸಿಟ್ಟಿದ್ದೆ. ಪ್ರಾಜೆಕ್ಟ್ ಮಾಡುವ ಹುಡುಗರಿಗಾಗಿ ವಿಷಯವಾರು ಜೋಡಿಸಿದ್ದು. ಅಲ್ಲಿ ಇಳಿಸಿಕೊಳ್ಳುವ ದಾರಿಯೇ ಇರಲಿಲ್ಲ. ಒಂದು ದಿನ ಪುಟ ತೆರೆಯಲಿಲ್ಲ, ಅಷ್ಟೇ. ಆ ಪಟ್ಟಿ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಯಾವುದೇ ಆ್ಯಪ್ ಇರಲಿ, ಮೊದಲು ಹತ್ತು ದಾಖಲೆ ಹಾಕಿ. ಹೊರಗೆ ತೆಗೆಯಿರಿ. ಆ ಫೈಲ್ ಬೇರೆ ಕಡೆ ಸರಿಯಾಗಿ ತೆರೆಯುತ್ತದೆಯೇ ನೋಡಿ. ತೆರೆದರೆ ಮಾತ್ರ ಹನ್ನೊಂದನೆಯದು.

ಪುಸ್ತಕದ ಪಟ್ಟಿಯನ್ನು ನೀವು ಸ್ಪ್ರೆಡ್‌ಶೀಟ್‌ನಲ್ಲಿ ಶುರು ಮಾಡುವುದಾದರೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಮತ್ತು ಬಾರ್‌ಕೋಡ್ ಕಾಲಂಗಳನ್ನು ಮೊದಲೇ ‘ಟೆಕ್ಸ್ಟ್’ ಅಂತ ಬದಲಿಸಿ, ಆಮೇಲೆ ತುಂಬಿ. 2007ರಿಂದ ಐಎಸ್‌ಬಿಎನ್ 13 ಅಂಕಿಯದು. ಎಕ್ಸೆಲ್ ಅದನ್ನು ದೊಡ್ಡ ಸಂಖ್ಯೆ ಅಂದುಕೊಂಡು 9.78 ಬರೆದು ಪಕ್ಕದಲ್ಲಿ ಇ+12 ಅಂತ ತೋರಿಸುತ್ತದೆ. ನೋಡಲು ಮಾತ್ರ ಹಾಗೆ ಅಂತ ಸುಮ್ನೆ ಬಿಟ್ಟು ಸಿಎಸ್‌ವಿ (ಬರೀ ಅಕ್ಷರ-ಅಂಕಿಗಳ ಸರಳ ಫೈಲ್) ಆಗಿ ಉಳಿಸಿದರೆ ಉಳಿಯುವುದೂ ಅದೇ, ಉಳಿದ ಅಂಕಿಗಳು ಹೋದವು. ಹಳೆಯ 10 ಅಂಕಿಯವು ಸೊನ್ನೆಯಿಂದ ಶುರುವಾಗಿದ್ದರೆ ಆ ಸೊನ್ನೆಯೂ ಇರುವುದಿಲ್ಲ. ನಾನು ಹೀಗೆ ಒಂಬೈನೂರು ಪುಸ್ತಕಗಳನ್ನು ಕಪಾಟಿನಿಂದ ಇಳಿಸಿ ಮತ್ತೆ ನೋಡಿ ಬರೆದಿದ್ದೇನೆ. ಕನ್ನಡ ಹೆಸರುಗಳಿದ್ದರೆ ಉಳಿಸುವಾಗ ಯುಟಿಎಫ್-8 ಅಂತ ಇರುವ ಸಿಎಸ್‌ವಿಯನ್ನೇ ಆರಿಸಿ. ಇಲ್ಲದಿದ್ದರೆ ಅಕ್ಷರದ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ.

ಹನ್ನೆರಡು ಸಾವಿರ ಪುಸ್ತಕ ಅಂದಿರಿ. ಅಷ್ಟಕ್ಕೆ ಸ್ಪ್ರೆಡ್‌ಶೀಟ್ ಸಾಲದು. ಇಶ್ಯೂ-ರಿಟರ್ನ್ ಬಂದ ಕೂಡಲೇ ಒದ್ದಾಡುತ್ತೀರಿ. ನಾನು ಕೊನೆಗೆ ಕೋಹಾ ಅನ್ನುವ ಲೈಬ್ರರಿ ಸಾಫ್ಟ್‌ವೇರ್‌ಗೆ ಬಂದೆ. ನ್ಯೂಜಿಲೆಂಡಿನ ಒಂದು ಲೈಬ್ರರಿ ಸಂಸ್ಥೆಗೆ ತನ್ನ ಹಳೆಯ ಸಾಫ್ಟ್‌ವೇರ್ 2000ನೇ ಇಸವಿಯನ್ನು ದಾಟಲಾರದು ಅಂತ ಗೊತ್ತಾಗಿ, 1999ರಲ್ಲಿ ಇದನ್ನು ಬರೆಸಿ ಎಲ್ಲರಿಗೂ ಬಿಟ್ಟುಕೊಟ್ಟರು. ಮಾವೋರಿ ಭಾಷೆಯಲ್ಲಿ ಕೋಹಾ ಅಂದರೆ ಉಡುಗೊರೆ. ಸಾಫ್ಟ್‌ವೇರ್ ಉಚಿತ, ಆದರೆ ಸರ್ವರ್ ನೋಡಿಕೊಳ್ಳುವವರು ಒಬ್ಬರು ಬೇಕೇ ಬೇಕು, ಅದನ್ನು ಮೊದಲೇ ಮಾತಾಡಿಕೊಳ್ಳಿ. ಝಡ್ 39.50 ಅನ್ನುವ, ಲೈಬ್ರರಿಗಳ ನಡುವೆ ದಾಖಲೆ ಹುಡುಕುವ ವ್ಯವಸ್ಥೆಯ ಮೂಲಕ ಬೇರೆ ಲೈಬ್ರರಿಗಳ ದಾಖಲೆಯನ್ನು ಎಳೆದುಕೊಳ್ಳಬಹುದು. ಐಎಸ್‌ಬಿಎನ್ ಕೊಟ್ಟರೆ ಇಂಗ್ಲಿಷ್ ಪುಸ್ತಕಗಳಿಗೆ ನನಗೆ ಹೆಚ್ಚಾಗಿ ಪೂರ್ತಿ ದಾಖಲೆಯೇ ಸಿಕ್ಕಿದೆ. ಕನ್ನಡದವನ್ನು ಹೆಚ್ಚಿನಂಶ ಕೈಯಾರೆ ತುಂಬಿದೆ. ಮತ್ತೆ ಬಾಗಿಲಿನ ವಿಷಯ: ಪುಸ್ತಕಗಳ ದಾಖಲೆಯೆಲ್ಲ ಮಾರ್ಕ್ ರೂಪದಲ್ಲಿ (ಲೈಬ್ರರಿ ಸಾಫ್ಟ್‌ವೇರ್‌ಗಳು ಸಾಮಾನ್ಯವಾಗಿ ಓದಬಲ್ಲ ರೂಪ) ಹೊರಗೆ ಬರುತ್ತದೆ. ನಾಳೆ ಬೇರೆ ಸಾಫ್ಟ್‌ವೇರ್‌ಗೆ ಹೋದರೂ ಕಷ್ಟಪಟ್ಟು ಮಾಡಿದ ಕೆಲಸ ನಿಮ್ಮ ಹತ್ತಿರವೇ ಇರುತ್ತದೆ.

ಅನುಭವ 2:
ಮೇಲಿನವರು ಹೇಳಿದ್ದು ಸರಿ. ಅದಕ್ಕೆ ಒಂದೇ ಒಂದು ಸೇರಿಸುತ್ತೇನೆ. ಓದುಗರ ಹೆಸರು, ಅವರು ತೆಗೆದುಕೊಂಡ ಪುಸ್ತಕ, ಇವನ್ನು ದಯವಿಟ್ಟು ಹಂಚಿಕೊಂಡ ಶೀಟ್‌ನಲ್ಲಿ ಇಡಬೇಡಿ.

ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ, ವಾಯಿದೆ ಮೀರಿದ ಪುಸ್ತಕಗಳ ಪಟ್ಟಿಯನ್ನು ಕೊಂಡಿ ಇದ್ದವರೆಲ್ಲ ನೋಡುವ ಹಾಗೆ ಇಟ್ಟು ಗುಂಪಿಗೆ ಕಳಿಸಿದ್ದರು. ನೆನಪು ಮಾಡಲಿಕ್ಕೆ ಅಂತ, ಒಳ್ಳೆಯ ಮನಸ್ಸಿನಿಂದಲೇ. ಒಬ್ಬ ಹುಡುಗಿಯ ಹೆಸರಿನ ಮುಂದೆ ಖಿನ್ನತೆಯ ಬಗ್ಗೆ ಎರಡು ಪುಸ್ತಕ ಇದ್ದವು. ಅವಳು ಆಮೇಲೆ ಲೈಬ್ರರಿಗೆ ಬರುವುದನ್ನೇ ಬಿಟ್ಟಳು. ಅವಳನ್ನು ನಾನು ಮರೆತಿಲ್ಲ. ಒಬ್ಬರು ಏನು ಓದುತ್ತಾರೆ ಅನ್ನುವುದು ಅವರಿಗೂ ನಮಗೂ ಮಾತ್ರ ಗೊತ್ತಿರಬೇಕಾದ್ದು, ಅಲ್ವಾ? ಕೋಹಾದಲ್ಲಿ ಪುಸ್ತಕ ವಾಪಸ್ ಬಂದ ಮೇಲೆ ಆ ದಾಖಲೆಯಿಂದ ಓದುಗರ ಹೆಸರನ್ನು ಅಳಿಸುವ ಸೌಲಭ್ಯ ಇದೆ. ಅದನ್ನು ಬಳಸಿ.

ಹೊಸ ಪುಸ್ತಕ ಬೇಕು ಅನ್ನುವವರಿಗೆ ಗೂಗಲ್ ಫಾರ್ಮ್ಸ್ ಚೆನ್ನಾಗಿದೆ. ನಾಲ್ಕು ಪ್ರಶ್ನೆ ಸಾಕು. ಫೋನ್ ನಂಬರ್ ಯಾಕೆ ಬೇಕು ಅಂತ ಉತ್ತರ ಇಲ್ಲದಿದ್ದರೆ ಕೇಳಬೇಡಿ. ಮತ್ತೆ, ಅದನ್ನು ನಿಮ್ಮ ಸ್ವಂತ ಖಾತೆಯಿಂದ ಮಾಡಬೇಡಿ, ಲೈಬ್ರರಿಯ ಹೆಸರಿನ ಖಾತೆಯಿಂದ ಮಾಡಿ. ನೀವು ರಜೆಯಲ್ಲಿದ್ದಾಗ ಸಹಾಯಕರಿಗೂ ತೆರೆಯಬೇಕು.

ಅನುಭವ 3:
ನಾನು ಮನೆಯ ಕಡೆಯಿಂದ ಹೇಳುತ್ತೇನೆ ಅಕ್ಕ. ನನ್ನ ಹೆಂಡತಿ ಲೈಬ್ರರಿಯನ್, ನನಗೆ ರಾತ್ರಿ ಪಾಳಿ. ನಿಮ್ಮ ಮನೆಯ ಹಾಗೇ.

ನಮಗೆ ಉಳಿದದ್ದು ಎರಡೇ. ಒಂದು, ಹಂಚಿಕೊಂಡ ಕ್ಯಾಲೆಂಡರ್. ನನ್ನ ಪಾಳಿ ಒಂದು ಬಣ್ಣ, ಅವಳ ಕೆಲಸ ಒಂದು ಬಣ್ಣ, ಮಕ್ಕಳದ್ದು ಇನ್ನೊಂದು. ಅವಳ ಕೆಲಸದ ಕ್ಯಾಲೆಂಡರ್‌ನಿಂದ ನನಗೆ ‘ಬಿಡುವಿಲ್ಲ’ ಅಂತ ಮಾತ್ರ ಕಾಣುತ್ತದೆ, ಯಾವ ಸಭೆ, ಯಾರ ಜೊತೆ ಅಂತ ಕಾಣುವುದಿಲ್ಲ. ಅಷ್ಟೇ ಸಾಕು. ಎರಡನೆಯದು, ಗೂಗಲ್ ಕೀಪ್‌ನಲ್ಲಿ ತರಬೇಕಾದ ಸಾಮಾನಿನ ಪಟ್ಟಿ. ಒಬ್ಬರು ಗುರುತು ಹಾಕಿದರೆ ಇನ್ನೊಬ್ಬರ ಫೋನ್‌ನಲ್ಲೂ ಬೀಳುತ್ತದೆ.

ಮನೆಗೆಲಸ ಹಂಚಿಕೊಳ್ಳಲು ಟ್ರೆಲ್ಲೋ (ಕೆಲಸಗಳನ್ನು ಕಾರ್ಡುಗಳಾಗಿ ಜೋಡಿಸುವ ಆ್ಯಪ್) ಬಳಸಿ ನೋಡಿದೆವು. ಆರು ವಾರ. ಕಾರ್ಡುಗಳನ್ನು ಸರಿಸುವುದೇ ಅವಳಿಗೆ ಇನ್ನೊಂದು ಕೆಲಸವಾಯಿತು, ಯಾಕೆಂದರೆ ಉಳಿದವರು ಯಾರೂ ತೆರೆಯುತ್ತಿರಲಿಲ್ಲ. ತಪ್ಪು ಆ್ಯಪ್‌ನದ್ದಲ್ಲ, ನಮ್ಮದು. ನಾವು ಕೂತು ಮಾತಾಡಬೇಕಿತ್ತು. ಮಾತಾಡಿ ಕೆಲಸ ಹಂಚಿಕೊಂಡ ಮೇಲೆ ಟ್ರೆಲ್ಲೋ ಬೇಕಾಗಲಿಲ್ಲ.

ನಿಮ್ಮ ಅತ್ತೆಯವರನ್ನು ಬಿಟ್ಟು ಏನೂ ಮಾಡಬೇಡಿ. ನನ್ನ ಅಮ್ಮ ಫೋನ್‌ನಲ್ಲಿ ಕ್ಯಾಲೆಂಡರ್ ನೋಡುವುದಿಲ್ಲ. ಭಾನುವಾರ ವಾರದ ಪುಟವನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಗೋಡೆಗೆ ಅಂಟಿಸುತ್ತೇವೆ. ಮಕ್ಕಳು ಎಷ್ಟು ಹೊತ್ತಿಗೆ ಬರುತ್ತಾರೆ ಅಂತ ಈಗ ಅಮ್ಮನೇ ನಮಗೆ ನೆನಪಿಸುತ್ತಾರೆ.

ಇನ್ನೊಂದು. ಎರಡು ಹಂತದ ಲಾಗಿನ್ ಹಾಕಿಕೊಂಡಿದ್ದರೆ ಬ್ಯಾಕಪ್ ಕೋಡ್‌ಗಳನ್ನು ಇವತ್ತೇ ಮುದ್ರಿಸಿ ಬೀರುವಿನಲ್ಲಿಡಿ. ಗೂಗಲ್ ಹತ್ತು ಕೋಡ್ ಕೊಡುತ್ತದೆ. ನನ್ನ ಫೋನ್ ಕಳೆದ ದಿನ ಆ ಕಾಗದ ಇರಲಿಲ್ಲ. ಮಕ್ಕಳ ಫೋಟೋ ಎಲ್ಲ ಆ ಖಾತೆಯಲ್ಲೇ ಇತ್ತು. ಖಾತೆ ವಾಪಸ್ ಸಿಗುವವರೆಗೆ ನಾಲ್ಕು ದಿನ ನಿದ್ದೆ ಇರಲಿಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆ ಹುಡುಗಿಯ ವಿಷಯ ಓದಿ ತಕ್ಷಣ ನಮ್ಮ ಶೀಟ್ ತೆರೆದು ನೋಡಿದೆ. ಕೊಂಡಿ ಇದ್ದವರಿಗೆಲ್ಲ ತೆರೆದೇ ಇತ್ತು. ಮುಚ್ಚಿದೆ. ಇನ್ನೊಂದು ಕೇಳಬೇಕು: ನನ್ನ ಹಿಂದಿನವರು ನಾಲ್ಕು ಸಾವಿರ ಪುಸ್ತಕಗಳ ಪಟ್ಟಿಯನ್ನು ಹಳೆಯ ನುಡಿ ಫಾಂಟ್‌ನಲ್ಲಿ ಮಾಡಿಟ್ಟಿದ್ದಾರೆ. ಹುಡುಕಿದರೆ ಏನೂ ಸಿಗುವುದಿಲ್ಲ. ಮತ್ತೆ ಟೈಪ್ ಮಾಡಬೇಕಾ?

ಅನುಭವ 1:
ಬೇಡ ಮೇಡಂ. ಕಣ್ಣಿಗೆ ಕನ್ನಡ ಕಂಡರೂ ಆ ಫೈಲ್‌ನ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಅದಕ್ಕೇ ಹುಡುಕಾಟಕ್ಕೆ ಸಿಗುವುದಿಲ್ಲ. ಕನ್ನಡ ಅಕ್ಷರಗಳಿಗೇ ಸ್ವಂತ ಸಂಕೇತವಿರುವ ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಮೂಲ ಫೈಲ್ ಮುಟ್ಟಬೇಡಿ, ಪ್ರತಿ ಮಾಡಿಕೊಳ್ಳಿ. ಮೊದಲು ಇಪ್ಪತ್ತು ಸಾಲು ಬದಲಿಸಿ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಓದಿ. ಒತ್ತಕ್ಷರ, ಅರ್ಕಾವತ್ತು ಇರುವ ಪದಗಳನ್ನು ಎರಡೆರಡು ಸಲ ನೋಡಿ, ನನಗೆ ತಪ್ಪು ಸಿಕ್ಕಿದ್ದು ಅಲ್ಲೇ. ಕಾಲಂನಲ್ಲಿ ಇಂಗ್ಲಿಷ್ ಹೆಸರುಗಳೂ ಬೆರೆತಿದ್ದರೆ ಅವನ್ನು ಮೊದಲು ಬೇರೆ ಮಾಡಿ. ಇಲ್ಲದಿದ್ದರೆ ಪರಿವರ್ತಕ ಅವನ್ನೂ ಕನ್ನಡ ಮಾಡಿ ಹಾಳು ಮಾಡುತ್ತದೆ. ಲೇಖಕರ ಹೆಸರು ಮೂರು ನಾಲ್ಕು ರೀತಿ ಬರೆದಿರುತ್ತಾರೆ. ಅದನ್ನು ಸರಿ ಮಾಡುವ ಕೆಲಸಕ್ಕೆ ನಿಮ್ಮ ಸಹಾಯಕರನ್ನೇ ಕೂರಿಸಿಕೊಳ್ಳಿ. ಕಪಾಟು ಅವರಿಗೆ ನಮಗಿಂತ ಜಾಸ್ತಿ ಗೊತ್ತಿರುತ್ತದೆ.

ಪ್ರಶ್ನೆ ಕೇಳಿದವರು:
ನೀವು ಹೇಳಿದ ಹಾಗೆ ಏಳು ಆ್ಯಪ್‌ಗಳಿಂದಲೂ ಹೊರಗೆ ತೆಗೆದು ನೋಡಿದೆ. ಮೂರು ಯಾವ ಫೈಲನ್ನೂ ಕೊಡಲಿಲ್ಲ. ಅದರಲ್ಲಿದ್ದುದನ್ನು ರಾತ್ರಿ ಕೂತು ನೋಟ್‌ಬುಕ್ಕಿಗೆ ಬರೆದುಕೊಂಡು ತೆಗೆದುಹಾಕಿದೆ. ವಾರದ ಪುಟ ಗೋಡೆಗೆ ಬಂತು. ಶನಿವಾರದ ಸಾಲಿನಲ್ಲಿ ಅತ್ತೆ ತಮ್ಮ ಕಣ್ಣಿನ ಪರೀಕ್ಷೆಯನ್ನು ಪೆನ್ನಿನಲ್ಲಿ ಬರೆದಿದ್ದಾರೆ. ಅದು ನನಗೆ ಗೊತ್ತೇ ಇರಲಿಲ್ಲ. ನಾಳೆ ಮೊದಲ ಇಪ್ಪತ್ತು ಸಾಲು ಬದಲಿಸಿ ನೋಡುತ್ತೇನೆ.