ಪದಚರ್ಚೆ: ‘ರಿಚ್’ ಮಿಶ್ರಣವನ್ನು ‘ಸಮೃದ್ಧ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಇಂಜಿನ್ ಚೆನ್ನಾಗಿ ನೋಡಿಕೊಂಡರೆ ವಾಹನದಿಂದ ಬರುವ ಕೆಟ್ಟ ಅನಿಲ ಹೇಗೆ ತಗ್ಗುತ್ತದೆ ಅನ್ನುವುದರ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಓದುವವರು ಗಾಡಿ ಓಡಿಸುವ ಸಾಮಾನ್ಯ ಜನ. ಇಂಜಿನ್ನಿನೊಳಗೆ ಉರಿಯುವ ಗಾಳಿ-ಪೆಟ್ರೋಲ್ ಮಿಶ್ರಣಕ್ಕೆ ಹೇಳುವ ‘ರಿಚ್’, ‘ಲೀನ್’ ಎಂಬ ಎರಡು ಪದಗಳ ಹತ್ತಿರ ಕೈ ನಿಂತುಬಿಟ್ಟಿದೆ.

1 ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಗಾಳಿ ಅದಕ್ಕಿಂತ ಕಡಿಮೆಯಾದರೆ ರಿಚ್, ಜಾಸ್ತಿಯಾದರೆ ಲೀನ್. ‘ಸಮೃದ್ಧ ಮಿಶ್ರಣ’ ಅಂದ ಕೂಡಲೇ ಏನೋ ಒಳ್ಳೆಯದು ಅನ್ನಿಸುತ್ತದೆ, ಅಲ್ವಾ? ನಿಜದಲ್ಲಿ ಗಾಳಿ ಸಾಲದೆ ಪೆಟ್ರೋಲ್ ಅರೆಬರೆ ಉರಿಯುತ್ತದೆ. ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹೆಚ್ಚುತ್ತದೆ, ಪ್ಲಗ್ಗಿಗೆ ಮಸಿ ಹಿಡಿಯುತ್ತದೆ. ಗಾಳಿ, ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಇರುವ ಹಳೇ ಗಾಡಿಯಲ್ಲಿ ಏರ್ ಫಿಲ್ಟರ್ ಧೂಳಿನಿಂದ ಕಟ್ಟಿಕೊಂಡರೂ ಹೀಗಾಗುತ್ತದೆ. ಕಸ ಕಟ್ಟಿದ್ದಕ್ಕೆ ಸಮೃದ್ಧಿ ಅನ್ನುವುದೇ!

ಲೀನ್‌ಗೆ ‘ದುರ್ಬಲ’ವೂ ಒಗ್ಗುವುದಿಲ್ಲ. ಗಾಳಿ ತುಸು ಜಾಸ್ತಿಯಾದರೆ ಮಾನಾಕ್ಸೈಡ್ ಇಳಿಯುತ್ತದೆ, ಆದರೆ ನೈಟ್ರೋಜನ್ ಆಕ್ಸೈಡ್‌ಗಳು ಏರುತ್ತವೆ. ತೀರಾ ಜಾಸ್ತಿಯಾದರೆ ಕಿಡಿ ಬಿದ್ದರೂ ಮಿಶ್ರಣ ಹೊತ್ತಿಕೊಳ್ಳದೆ ಪೆಟ್ರೋಲ್ ಉರಿಯದೇ ಹೊರಗೆ ಹೋಗುತ್ತದೆ. ಹೊಗೆಕೊಳವೆಯಲ್ಲಿ ಕೆಟ್ಟ ಅನಿಲ ತಗ್ಗಿಸಲು ಕೂರಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಈ ಮೂರನ್ನೂ ಒಟ್ಟಿಗೆ ತಗ್ಗಿಸುವುದು 14.7ರ ಆಸುಪಾಸಿನಲ್ಲಿ ಮಾತ್ರ. ಹಾಗಾಗಿ ಹೊಗಳಿಕೆಯೂ ಬೈಗುಳವೂ ಅಲ್ಲದ ಪದಗಳು ಬೇಕು. ಸದ್ಯಕ್ಕೆ ‘ಇಂಧನ ಹೆಚ್ಚಿದ’, ‘ಗಾಳಿ ಹೆಚ್ಚಿದ’ ಅಂತ ಬರೆದಿದ್ದೇನೆ. ‘ಗಟ್ಟಿ’, ‘ತೆಳು’ ಚಿಕ್ಕದಾಗಿವೆ ನಿಜ, ಆದರೆ ಆವಿಗೆ ಗಟ್ಟಿ ಅನ್ನಲು ಮನಸ್ಸು ಬರುತ್ತಿಲ್ಲ.

ಇನ್ನು ಇಂಜಿನ್ ಟ್ಯೂನಿಂಗ್‌ಗೆ ‘ಶ್ರುತಿಗೊಳಿಸು’ ನನಗೆ ಹಿಡಿಸಿಲ್ಲ, ಅದು ವೀಣೆಗೆ ಸರಿ. ‘ಹದ ಮಾಡು’ ಹೇಗೆ? ಇಂಜಿನ್ ‘ಹದಗೆಟ್ಟಿದೆ’ ಅಂತ ಹೇಗೂ ಹೇಳುತ್ತೇವೆ. ಕಿಡಿ ಹಾರುವ ಸಮಯ, ಐಡ್ಲಿಂಗ್ ವೇಗ, ಮಿಶ್ರಣ, ಎಲ್ಲಕ್ಕೂ ಅದು ಹೊಂದುತ್ತದೆ. ತೊಡಕು ಒಂದೇ. ಪಿಕಪ್ ಹೆಚ್ಚಿಸಲು ಬೇಕೆಂದೇ ಇಂಧನ ಜಾಸ್ತಿ ಬಿಡುವುದನ್ನೂ ಟ್ಯೂನಿಂಗ್ ಅಂತಲೇ ಕರೆಯುತ್ತಾರೆ. ಅದನ್ನು ಹದ ಅನ್ನಲಾದೀತೆ?

ಎಮಿಷನ್‌ಗೆ, ಅಂದರೆ ಗಾಡಿ ಹೊರಬಿಡುವ ಅನಿಲಗಳಿಗೆ, ಸುಮ್ನೆ ‘ಹೊಗೆ’ ಅನ್ನಿ ಎಂದು ಗೆಳೆಯರೊಬ್ಬರು ಹೇಳಿದರು. ಡೀಸೆಲ್ ಗಾಡಿಯ ಕಪ್ಪು ಮಸಿಗೆ, ಇಂಜಿನ್ ಆಯಿಲ್ ಉರಿದಾಗ ಬರುವ ನೀಲಿ ಛಾಯೆಗೆ ಅದು ಸರಿಯೇ. ಆದರೆ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ‘ನನ್ನ ಗಾಡೀಲಿ ಹೊಗೆನೇ ಬರಲ್ಲ’ ಅಂತ ಓದುಗರು ನಿಶ್ಚಿಂತೆಯಿಂದ ಇದ್ದುಬಿಡುತ್ತಾರೆ. ‘ಹೊರಸೂಸುವಿಕೆ’ ಬಾಯಿಗೆ ಭಾರ, ಆದರೂ ಅದನ್ನೇ ಉಳಿಸಿಕೊಳ್ಳುವೆ.

ಗ್ಯಾರೇಜಿನಲ್ಲಿ ಕೆಲಸ ಮಾಡುವವರು, ಅವರ ಮಾತು ಕೇಳಿದವರು ಇಲ್ಲಿದ್ದರೆ ತಿಳಿಸಿ: ರಿಚ್, ಲೀನ್‌ಗೆ ಅವರ ಬಾಯಲ್ಲಿ ಕನ್ನಡದ ಮಾತು ಬರುತ್ತದೆಯೇ? ಅಥವಾ ಕಾರ್ಬುರೇಟರ್ ಹಾಗೆ ಇವನ್ನೂ ಇದ್ದಂತೆಯೇ ಬಿಟ್ಟುಬಿಡಲೇ?