30-30 ಲಿವರ್ ಆಕ್ಷನ್: ಎರಕದ ಗುಂಡು ಅಡ್ಡ ಮಲಗಿ ತೂರುತ್ತಿದೆ, ತಲೆ ಕೆಟ್ಟುಹೋಗಿದೆ

#1 ಹೇಮಾವತಿ_ದಂಡೆ, ಶನಿವಾರ ರಾತ್ರಿ 11:52

ಯಾರಾದರೂ ದಾರಿ ತೋರಿಸಿ. ಇದು ಮೂರನೇ ಶನಿವಾರ ಹಾಳಾಗಿದ್ದು.

ಕೋವಿ 30-30 ತೋಟೆಯ ಲಿವರ್ ಆಕ್ಷನ್ ರೈಫಲ್. ಅಂಗಡಿಯ ತೋಟೆ ಹಾಕಿದರೆ 100 ಗಜಕ್ಕೆ ಎರಡು ಇಂಚಿನ ಒಳಗೆ ಮೂರು ತೂತು, ಕಣ್ಣು ಮುಚ್ಚಿ ಹೊಡೆದ ಹಾಗೆ. ನಾನೇ ಎರಕ ಹೊಯ್ದ ಗುಂಡು ಹಾಕಿದರೆ 50 ಗಜಕ್ಕೇ ಎಂಟು ಇಂಚು. ಅದರಲ್ಲೂ ಹತ್ತರಲ್ಲಿ ಮೂರು ಗುಂಡು ಕಾಗದಕ್ಕೆ ಅಡ್ಡ ಹೊಡೆಯುತ್ತಿವೆ. ತೂತು ದುಂಡಗಿಲ್ಲ, ಬೀಗದ ಕೈ ತೂರಿಸುವ ತೂತಿನ ಹಾಗಿದೆ. ನಳಿಗೆ ತುಂಬ ಸೀಸ. ಉಜ್ಜಿ ಉಜ್ಜಿ ಕೈ ಸೋತಿದೆ.

ಅಳತೆ ಎಲ್ಲಾ ಸರಿಯಾಗಿದೆ. ಮದ್ದು ಪುಸ್ತಕದಲ್ಲಿ ಇದ್ದಷ್ಟೇ. ಹಂದಿ ಬೇಟೆಗೆ ಇನ್ನು ಐದು ವಾರ ಇದೆ. ಏನು ತಪ್ಪು ಹೇಳಿ.

#2 ಸೀಸದ_ಸೀನ, ಭಾನುವಾರ ಬೆಳಿಗ್ಗೆ 6:10

ಸೀಸ ಮೆತ್ತಗಿದೆ. ಮುಗಿಯಿತು.

ಕಾರಿನ ಚಕ್ರಕ್ಕೆ ಸಿಕ್ಕಿಸುವ ಸೀಸದ ತೂಕ, ವೀಲ್ ವೇಟ್, ಕರಗಿಸಿದ್ದೀರಿ ತಾನೆ? ಅದರ ಗಡಸು ಬ್ರಿನೆಲ್ ಲೆಕ್ಕದಲ್ಲಿ 12ರ ಆಸುಪಾಸು. ಲೈಮನ್ ನಂಬರ್ 2 ಮಿಶ್ರಣ 15. ಮುದ್ರಣದ ಸೀಸ, ಅಂದರೆ ಲಿನೋಟೈಪ್, 22. ಮೆತ್ತನೆ ಗುಂಡು ನಳಿಗೆಯೊಳಗಿನ ಸುರುಳಿ ಗೀರುಗಳನ್ನು ಹಿಡಿಯದೆ ಜಾರುತ್ತದೆ, ತಿರುಗುವುದಿಲ್ಲ, ಅಡ್ಡ ಬೀಳುತ್ತದೆ. ಲಿನೋಟೈಪ್ ಬೆರೆಸಿ.

ನಮ್ಮ ತಂದೆ ಹಾಸನದ ಒಂದು ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದರು. ಮುದ್ರಣದ ಸೀಸದ ಗುಣ ನನಗೆ ಚಿಕ್ಕಂದಿನಿಂದ ಗೊತ್ತು. 84 ಭಾಗ ಸೀಸ, 12 ಆಂಟಿಮನಿ, 4 ತವರ. ಅದಕ್ಕಿಂತ ಒಳ್ಳೆಯ ಗುಂಡಿನ ಲೋಹ ಇಲ್ಲ.

#3 ಬೇ_ಏರಿಯಾ_ಬಸ್ಯಾ, ಭಾನುವಾರ ಬೆಳಿಗ್ಗೆ 8:31

ಅಲ್ಲರೀ, ಸೀಸದ ಗುಂಡಿನಲ್ಲಿ ಬೇಟೆಯಾ? 2019ರ ಜುಲೈ 1ರಿಂದ ಯಾವ ಪ್ರಾಣಿಗೂ ಸೀಸ ಬಳಸುವ ಹಾಗಿಲ್ಲ. ದಂಡ ಬೀಳುತ್ತದೆ. ತಾಮ್ರದ ಗುಂಡು ಕೊಂಡುಕೊಳ್ಳಿ, ಸಮಸ್ಯೆಯೇ ಇರುವುದಿಲ್ಲ.

#4 ಕೋವಿಮನೆ, ಭಾನುವಾರ ಬೆಳಿಗ್ಗೆ 9:05

ಬಸ್ಯಾ, ಅದು ನಿಮ್ಮ ಕ್ಯಾಲಿಫೋರ್ನಿಯಾದ ಕಾನೂನು. ಎಲ್ಲರೂ ಅಲ್ಲಿಲ್ಲ ಮಾರಾಯ್ರೆ. ಪ್ರಶ್ನೆ ಕೇಳಿದವರು ಎಲ್ಲಿದ್ದಾರೆ ಅಂತ ಮೊದಲು ಕೇಳೋಣ.

ತಮ್ಮಾ, ಯಾವ ಊರು? ಯಾವ ಕೋವಿ? ವಿಂಚೆಸ್ಟರ್ 94 ಆ, ಮಾರ್ಲಿನ್ 336 ಆ? ಮಾರ್ಲಿನ್ ಆದರೆ ನಳಿಗೆಯ ಮೇಲೆ ಏನು ಬರೆದಿದೆ ನೋಡು. 'ಮೈಕ್ರೊ-ಗ್ರೂವ್' ಅಂತ ಇದ್ದರೆ ನನಗೆ ಒಂದು ಅನುಮಾನ ಇದೆ.

ಇನ್ನೊಂದು ಮಾತು. ಯಾರೂ ಇಲ್ಲಿ ಮದ್ದಿನ ತೂಕದ ಗ್ರೇನ್ ಲೆಕ್ಕ ಹಾಕಬೇಡಿ. ಒಬ್ಬರ ಕೋವಿಯ ಅಳತೆ ಇನ್ನೊಬ್ಬರ ಕೈ ತೆಗೆಯುತ್ತದೆ. ಮದ್ದಿಗೆ ಪುಸ್ತಕ ಇದೆ.

#5 ಹೇಮಾವತಿ_ದಂಡೆ, ಭಾನುವಾರ ಮಧ್ಯಾಹ್ನ 1:20

ಟೆಕ್ಸಸ್, ಆಸ್ಟಿನ್ ಹತ್ತಿರ. ಹೇಳಿದ್ದೆ ಅಂದುಕೊಂಡಿದ್ದೆ. ಜಮೀನಿನ ಯಜಮಾನರು ಕರೆದಿದ್ದಾರೆ, ಕಾಡುಹಂದಿ ಜೋಳದ ಹೊಲ ಉತ್ತು ಹಾಕಿವೆ.

ಮಾರ್ಲಿನ್ 336. ಹೌದು, ಮೈಕ್ರೊ-ಗ್ರೂವ್ ಅಂತಲೇ ಇದೆ. ಗುಂಡು 170 ಗ್ರೇನ್, ಚಪ್ಪಟೆ ಮೂತಿ, ತಳಕ್ಕೆ ಗ್ಯಾಸ್ ಚೆಕ್ (ಲೋಹದ ಪುಟ್ಟ ಬಟ್ಟಲು). ಸೈಜರ್‌ನಲ್ಲಿ ತೂರಿಸಿ 0.309 ಇಂಚಿಗೆ ಇಳಿಸಿದ್ದೇನೆ.

#6 ಬೇ_ಏರಿಯಾ_ಬಸ್ಯಾ, ಭಾನುವಾರ ಮಧ್ಯಾಹ್ನ 1:44

ಟೆಕ್ಸಸ್ ಆದರೂ ಹಂಟಿಂಗ್ ಲೈಸೆನ್ಸ್ ಬೇಕಲ್ಲ? ಎಚ್-1ಬಿಯಲ್ಲಿ ಇದ್ದೀರಾ?

#7 ಗ್ಯಾರೇಜ್_ಗೌಡ, ಭಾನುವಾರ ಮಧ್ಯಾಹ್ನ 2:02

ಬಸ್ಯಾ, 2019ರ ಸೆಪ್ಟೆಂಬರ್‌ನಿಂದ ಟೆಕ್ಸಸ್‌ನಲ್ಲಿ ಖಾಸಗಿ ಜಮೀನಿನ ಕಾಡುಹಂದಿಗೆ ಲೈಸೆನ್ಸ್ ಬೇಡ, ಯಜಮಾನರ ಒಪ್ಪಿಗೆ ಸಾಕು. ಆದರೆ ಎಚ್-1ಬಿಯವರ ಕೈಯಲ್ಲಿ ಕೋವಿ ಇರಬೇಕಾದರೆ ಹಂಟಿಂಗ್ ಲೈಸೆನ್ಸ್ ಬೇಕು, ಅದು ಬೇರೆ ಕಾನೂನು, ಫೆಡರಲ್. ನಾನು ಮೊದಲ ಕೋವಿ ಕೊಂಡಾಗ ಲೈಸೆನ್ಸ್ ತೋರಿಸಿಯೇ ಕೊಂಡೆ. ಅಂಗಡಿಯವನು ಎರಡು ಸಲ ಓದಿದ.

ಎರಕದ ವಿಷಯ: ನನ್ನದು 20 ಪೌಂಡಿನ ಕುಲುಮೆ, ಉಷ್ಣತೆ ಹಿಡಿದಿಡುವ ಪಿಐಡಿ ಕಂಟ್ರೋಲರ್ ನಾನೇ ಕೂರಿಸಿದ್ದು. 700 ಫ್ಯಾರನ್‌ಹೀಟ್‌ನಿಂದ ಐದು ಡಿಗ್ರಿ ಆಚೀಚೆ ಹೋಗುವುದಿಲ್ಲ. ಒಂದು ಗಂಟೆಗೆ 300 ಗುಂಡು. ನಿಮ್ಮ ಉಷ್ಣತೆ ಎಷ್ಟು?

#8 ಕೋವಿಮನೆ, ಭಾನುವಾರ ಸಂಜೆ 5:30

ನನ್ನ ಅನುಮಾನ ಸರಿ ಆಯಿತು. ಮೈಕ್ರೊ-ಗ್ರೂವ್ ನಳಿಗೆಗೆ ಎರಕದ ಗುಂಡು ಆಗಿ ಬರುವುದಿಲ್ಲ. ಹನ್ನೆರಡು ಗೀರು, ಎಲ್ಲವೂ ಮೇಲುಮೇಲೆ ಕೆರೆದ ಹಾಗೆ. ತಾಮ್ರದ ಕವಚ ಇದ್ದ ಗುಂಡಿಗೆ ಒಳ್ಳೆಯದು. ಸೀಸ ಅಲ್ಲಿ ಹಿಡಿತ ಸಿಗದೆ ಜಾರುತ್ತದೆ. ನಾನು ಅದಕ್ಕೇ ವಿಂಚೆಸ್ಟರ್ ಬಿಡಲಿಲ್ಲ.

#9 ಸೀಸದ_ಸೀನ, ಭಾನುವಾರ ಸಂಜೆ 5:41

ನಾನು ಹೇಳಿದ್ದೂ ಅದೇ ಅಲ್ವಾ? ಹಿಡಿತ ಇಲ್ಲ ಅಂದರೆ ಗಡಸು ಸಾಲದು. ಲಿನೋಟೈಪ್.

#10 ಮೈಕ್ರೊಮೀಟರ್_ಮಂಜ, ಭಾನುವಾರ ರಾತ್ರಿ 9:15

ಇಬ್ಬರೂ ಒಂದು ನಿಮಿಷ ತಡೆಯಿರಿ. ಮೈಕ್ರೊ-ಗ್ರೂವ್‌ಗೆ ಸೀಸ ಆಗದು ಅನ್ನುವುದು ಹಳೆಯ ಕಥೆ. ನನ್ನ 336ರಲ್ಲಿ ಸೆಕೆಂಡಿಗೆ 1,900 ಅಡಿಯಲ್ಲಿ ಚೆನ್ನಾಗಿಯೇ ಹೋಗುತ್ತದೆ. ಗುಂಡು ದಪ್ಪ ಇರಬೇಕು, ಅಷ್ಟೇ. ಗೀರು ಆಳ ಇಲ್ಲದ ಕಡೆ ಇಂಚಿನ ಸಾವಿರದ ಒಂದಂಶ ಕಡಿಮೆಯಾದರೂ ಬಿಸಿ ಗಾಳಿ ಪಕ್ಕದಿಂದ ನುಗ್ಗಿ ಸೀಸವನ್ನು ಕೊರೆಯುತ್ತದೆ.

ಹೇಮಾವತಿಯವರೇ, ಎರಡು ಪ್ರಶ್ನೆ. ನಿಮ್ಮ ನಳಿಗೆಯ ಒಳ ಅಳತೆ ಎಷ್ಟು? ಪುಸ್ತಕದ್ದಲ್ಲ, ನೀವು ಅಳೆದದ್ದು. ಸೀಸ ನಳಿಗೆಯ ಯಾವ ತುದಿಯಲ್ಲಿ ಕೂತಿದೆ? ಮುಂದಿನ ಬಾಯಿಯ ಹತ್ತಿರ ಆದರೆ ಗುಂಡಿಗೆ ಸವರಿದ ಲೂಬ್ (ಜಿಡ್ಡು) ಖಾಲಿಯಾಗುತ್ತಿದೆ. ತೋಟೆ ಕೂರುವ ಚೇಂಬರಿನ ಹತ್ತಿರ ಆದರೆ ಗುಂಡು ಸಣಕಲು.

ಅಳೆಯುವುದು ಹೀಗೆ. ಲಿವರಿನ ಸ್ಕ್ರೂ ಒಂದನ್ನು ಬಿಚ್ಚಿದರೆ ಬೋಲ್ಟ್ ಹೊರಗೆ ಬರುತ್ತದೆ. ಖಾಲಿ ತೋಟೆ ಚಿಮ್ಮಿಸುವ ಎಜೆಕ್ಟರ್ ಕೆಳಗೆ ಬೀಳುತ್ತದೆ, ಹುಷಾರು, ಕಾರ್ಪೆಟ್ ಮೇಲೆ ಬಿಚ್ಚಬೇಡಿ. ನಳಿಗೆಗೆ ಎಣ್ಣೆ ಸವರಿ, ಗಾಳಕ್ಕೆ ಕಟ್ಟುವ ಮೊಟ್ಟೆ ಆಕಾರದ ಮೆತ್ತನೆ ಸೀಸವನ್ನು ಹಿತ್ತಾಳೆ ಕೋಲಿನಿಂದ ಆ ತುದಿಯಿಂದ ಈ ತುದಿಗೆ ತಳ್ಳಿ. ಹೊರಗೆ ಬಂದದ್ದನ್ನು ಮೈಕ್ರೊಮೀಟರಿನಲ್ಲಿ ಅಳೆಯಿರಿ. ಕ್ಯಾಲಿಪರ್ ಬೇಡ. ಹನ್ನೆರಡು ಗೀರು ಇರುವುದರಿಂದ ಎದುರುಬದುರು ಸಿಗುತ್ತವೆ, ಅಳತೆ ಸುಲಭ.

#11 ಕೋವಿಮನೆ, ಭಾನುವಾರ ರಾತ್ರಿ 9:50

ನಿಮ್ಮ ಒಂದು ಕೋವಿ ಹೊಡೆದರೆ ಎಲ್ಲಾ ಹೊಡೆಯುತ್ತವೆ ಅಂತಲ್ಲ, ಮಂಜ.

#12 ಮೈಕ್ರೊಮೀಟರ್_ಮಂಜ, ಭಾನುವಾರ ರಾತ್ರಿ 9:53

ಅಳೆಯದೆ ಮಾತಾಡಿದರೆ ಯಾವುದೂ ಹೊಡೆಯುವುದಿಲ್ಲ ಸರ್.

#13 ಹೇಮಾವತಿ_ದಂಡೆ, ಮುಂದಿನ ಶನಿವಾರ ರಾತ್ರಿ 10:18

ಸೀನಣ್ಣ ಹೇಳಿದ ಹಾಗೆ ಹತ್ತು ಪೌಂಡ್ ಲಿನೋಟೈಪ್ ತರಿಸಿ ಬೆರೆಸಿದೆ. ಜೇಬಿಗೆ ಬಿತ್ತು ಪೆಟ್ಟು. ಗುಂಡು ಕನ್ನಡಿಯ ಹಾಗೆ ಬಂತು. 50 ಗಜಕ್ಕೆ ಏಳು ಇಂಚು. ಎರಡು ಅಡ್ಡ. ಅಂದರೆ ಒಂದು ಇಂಚಿಗೆ ಹತ್ತು ಪೌಂಡ್.

ಮಂಜಣ್ಣ, ನಳಿಗೆ ಅಳೆದೆ. ಗೀರಿನಿಂದ ಗೀರಿಗೆ 0.3085. ಸೀಸ ಕೂತಿರುವುದು ಚೇಂಬರಿನ ಮುಂದೆ ಮೂರು ಇಂಚು.

#14 ಸೀಸದ_ಸೀನ, ಶನಿವಾರ ರಾತ್ರಿ 10:40

ನೀರಿಗೆ ಹಾಕಿದಿರಾ? ಅಚ್ಚಿನಿಂದ ನೇರ ಬಕೆಟ್ ನೀರಿಗೆ ಬಿಟ್ಟರೆ ಇನ್ನೂ ಗಡಸಾಗುತ್ತದೆ. ಬಕೆಟ್ ಕುಲುಮೆಯಿಂದ ದೂರ ಇಡಿ. ಕರಗಿದ ಸೀಸಕ್ಕೆ ಒಂದು ಹನಿ ನೀರು ಬಿದ್ದರೆ ಮುಖಕ್ಕೆ ಸಿಡಿಯುತ್ತದೆ. ಇನ್ನು ಕ್ರಿಂಪ್, ಅಂದರೆ ತೋಟೆಯ ಹಿತ್ತಾಳೆ ಕೇಸಿನ ಬಾಯಿ ಒಳಕ್ಕೆ ಮಡಚುವುದು, ಬಿಡಿ, ಅದು ಗುಂಡನ್ನು ಹಿಂಡುತ್ತದೆ.

#15 ಮೈಕ್ರೊಮೀಟರ್_ಮಂಜ, ಶನಿವಾರ ರಾತ್ರಿ 11:02

ಸೀನಣ್ಣ, ಗಡಸಿನ ಮಾತು ಸಾಕು. ಚೇಂಬರಿನ ಹತ್ತಿರ ಸೀಸ ಅಂದರೆ ಗುಂಡು ಸಣ್ಣ. 0.3085 ನಳಿಗೆಗೆ 0.309 ಬಿಗಿಯೇ ಅಲ್ಲ. ಈ ನಳಿಗೆಗೆ 0.311 ಬೇಕು. ಸೈಜರ್ ಬದಲಿಸಿ. ಅಚ್ಚಿನಿಂದ ಬಿದ್ದಾಗ ಗುಂಡು ಎಷ್ಟಿದೆ?

#16 ಹೇಮಾವತಿ_ದಂಡೆ, ಶನಿವಾರ ರಾತ್ರಿ 11:10

0.312. ಇದಕ್ಕೆ ಮೊದಲು ಇನ್ನೊಂದು ಅಚ್ಚು ಇತ್ತು, ಅದು 0.308 ಹಾಕುತ್ತಿತ್ತು, ವಾಪಸ್ ಮಾಡಿದೆ. ಕಂಪನಿ ಹೆಸರು ಬೇಡ.

#17 ಗ್ಯಾರೇಜ್_ಗೌಡ, ಶನಿವಾರ ರಾತ್ರಿ 11:31

ಸೈಜರ್ ಅಂದರೆ ನನ್ನ ಬಳಿ ಲೈಮನ್ 450 ಇದೆ, ಹಳೆಯದು, ಎರಕದ ಕಬ್ಬಿಣ. ಈಗಿನವರು ಎಲ್ಲಾ ಪೌಡರ್ ಕೋಟ್ ಅಂತ ಗುಂಡಿಗೆ ಬಣ್ಣದ ಪುಡಿ ಮೆತ್ತಿ ಟೋಸ್ಟರ್ ಓವನ್‌ನಲ್ಲಿ 400 ಡಿಗ್ರಿ ಫ್ಯಾರನ್‌ಹೀಟ್‌ಗೆ 20 ನಿಮಿಷ ಗುಂಡು ಬೇಯಿಸುತ್ತಾರೆ. ನಾನೂ ಮಾಡುತ್ತೇನೆ. ಕೆಂಪು ಬಣ್ಣ, ಕುಂಕುಮದ ಭರಣಿಯಲ್ಲಿ ಅದ್ದಿ ತೆಗೆದ ಹಾಗೆ ಇರುತ್ತದೆ. ಆ ಓವನ್ನಿನಲ್ಲಿ ಮತ್ತೆ ಬ್ರೆಡ್ ಇಡಬೇಡಿ. ತೋಟೆ ಕಟ್ಟುವ ಪ್ರೆಸ್ ಡಿಲ್ಲನ್ 550. ಬೆಂಚು ಓಕ್ ಮರ, ನಾನೇ ಮಾಡಿದ್ದು. ನಾಳೆ ಫೋಟೋ ಹಾಕುತ್ತೇನೆ.

#18 ಕೋವಿಮನೆ, ಭಾನುವಾರ ಬೆಳಿಗ್ಗೆ 7:25

ಗೌಡ್ರೆ, ನಿಮ್ಮ ಬೆಂಚಿನ ಬೆಲೆಯಲ್ಲಿ ನಾಲ್ಕು ಕೋವಿ ಬರುತ್ತವೆ.

ಕೊಡಗಿನ ನಮ್ಮ ಐನ್‌ಮನೆಯಲ್ಲಿ ತಾತ ಬಲೆಗೆ ಕಟ್ಟುವ ಸೀಸವನ್ನು ಕಬ್ಬಿಣದ ಸೌಟಿನಲ್ಲಿ ಕರಗಿಸುತ್ತಿದ್ದರು. ಅಚ್ಚು ಇಕ್ಕಳದ ಹಾಗಿತ್ತು, ಒಂದು ಸಲಕ್ಕೆ ಒಂದೇ ಗುಂಡು. ಕೇಪಿನ ಕೋವಿ, ಬಾಯಿಯಿಂದ ಮದ್ದು ಹಾಕುವುದು. ಗಡಸೂ ಇಲ್ಲ, ಮೈಕ್ರೊಮೀಟರೂ ಇಲ್ಲ. ಗುಂಡಿಗೆ ಬಟ್ಟೆ ಸುತ್ತಿ ಬಿಗಿ ಮಾಡುತ್ತಿದ್ದರು. ಈಗ ಬೇಟೆ 1972ರ ವನ್ಯಜೀವಿ ಕಾಯ್ದೆಗೆ ನಿಂತಿದೆ. ಕೈಲ್‌ಪೊಳ್ದ್‌ಗೆ (ಆಯುಧ ಪೂಜಿಸುವ ಹಬ್ಬ) ಕೋವಿಗೆ ತೋಕ್ ಪೂ (ಕೋವಿ ಹೂ) ಇಟ್ಟು, ತೆಂಗಿನಕಾಯಿಗೆ ಹೊಡೆಯುವುದು ಇದೆ. ಈ ಸಲ ನಾನು ಪೆನ್ಸಿಲ್ವೇನಿಯಾದಲ್ಲಿ ಹೂ ಸಿಗದೆ ಚೆಂಡುಹೂ ಇಟ್ಟೆ.

ಬಟ್ಟೆ ಸುತ್ತಿ ಬಿಗಿ ಮಾಡುವುದೂ ಮಂಜ ಹೇಳುವುದೂ ಒಂದೇ ಅಂತ ಬರೆಯುವಾಗ ಹೊಳೆಯಿತು. ಒಪ್ಪಿದೆ ಅಂತ ಅಲ್ಲ.

#19 ಹೇಮಾವತಿ_ದಂಡೆ, ಮತ್ತೊಂದು ಶನಿವಾರ ಸಂಜೆ 6:45

0.311 ಸೈಜರ್ ಬಂತು. ನಳಿಗೆಯ ಸೀಸ ಪೂರ್ತಿ ತೆಗೆದೆ. ಪಾತ್ರೆ ಉಜ್ಜುವ ತಾಮ್ರದ ನಾರು ಹಳೇ ಬ್ರಷ್‌ಗೆ ಸುತ್ತಿ ಎಳೆದರೆ ಹಾಳೆ ಹಾಳೆಯಾಗಿ ಬಂತು. ಅಯಸ್ಕಾಂತ ಹಿಡಿದು ನೋಡಿಯೇ ಕೊಂಡೆ, ಕೆಲವು ಒಳಗೆ ಕಬ್ಬಿಣ ಇರುತ್ತವೆ.

ಹೊಡೆದೆ. ಆರೂವರೆ ಇಂಚು. ಒಂದು ಅಡ್ಡ.

ನಾನು ಇನ್ನು ಕೋವಿ ಮಾರುತ್ತೇನೆ.

#20 ಕೋವಿಮನೆ, ಶನಿವಾರ ಸಂಜೆ 7:00

ಮೈಕ್ರೊ-ಗ್ರೂವ್. ನಾನು ಹೇಳಲಿಲ್ಲವೇ.

#21 ಮೈಕ್ರೊಮೀಟರ್_ಮಂಜ, ಶನಿವಾರ ಸಂಜೆ 7:22

ಮಾರಬೇಡಿ. ಒಂದು ಕೆಲಸ ಮಾಡಿ. ತಯಾರಾದ ತೋಟೆ ಒಂದರಿಂದ ಗುಂಡು ಕಿತ್ತು ಅಳೆಯಿರಿ. ಹಾಕುವ ಮೊದಲಿನದಲ್ಲ, ಹಾಕಿ ಕಿತ್ತ ಮೇಲಿನದು.

ಕೇಸಿಗೆ ಆಕಾರ ಕೊಟ್ಟು ಗುಂಡು ಕೂರಿಸುವ ಡೈ ಯಾವುದು?

#22 ಹೇಮಾವತಿ_ದಂಡೆ, ಶನಿವಾರ ರಾತ್ರಿ 8:10

ಮಾಮೂಲಿ 30-30 ಡೈ ಸೆಟ್. ಅಂಗಡಿಯಲ್ಲಿ ಕೊಟ್ಟದ್ದು. ಡೈ ಬಗ್ಗೆ ಯಾಕೆ?

ಗುಂಡು ಕೀಳಲೆಂದೇ ಇರುವ ಸುತ್ತಿಗೆ ಹೊಡೆದು ಮೂರು ಗುಂಡು ಕಿತ್ತೆ. ಮೈಕ್ರೊಮೀಟರ್ ಕೆಟ್ಟಿದೆ ಅನ್ನಿಸುತ್ತದೆ. 0.3085, 0.3085, 0.309. ನಾನು 0.311 ಹಾಕಿದ್ದು.

#23 ಮೈಕ್ರೊಮೀಟರ್_ಮಂಜ, ಶನಿವಾರ ರಾತ್ರಿ 8:14

ಕೆಟ್ಟಿಲ್ಲ. ಸಿಕ್ಕಿತು.

ಆ ಡೈ ಸೆಟ್ ಕವಚದ ಗುಂಡಿಗೆ ಮಾಡಿದ್ದು. ಕವಚದ ಗುಂಡು 0.308. ಅದನ್ನು ಬಿಗಿಯಾಗಿ ಹಿಡಿಯಲು ಕೇಸಿನ ಕತ್ತನ್ನು 0.306ರ ಹತ್ತಿರ ಇಡುತ್ತದೆ. ನಿಮ್ಮ 0.311 ಸೀಸದ ಗುಂಡು ಅದರೊಳಗೆ ಹೋಗುವಾಗ ಹಿತ್ತಾಳೆ ಅಗಲ ಆಗುವ ಬದಲು ಸೀಸವೇ ಚಿಕ್ಕದಾಯಿತು. ನೀವು ಎಷ್ಟು ದಪ್ಪ ಹಾಕಿದರೂ ನಳಿಗೆಗೆ ಹೋಗುತ್ತಿದ್ದುದು 0.3085. ಲಿನೋಟೈಪ್ ಗಡಸು ಇದ್ದದ್ದರಿಂದ ಸ್ವಲ್ಪ ಕಡಿಮೆ ಹಿಂಡಿತು, ಅದೇ ಆ ಒಂದು ಇಂಚು.

ಎರಕದ ಗುಂಡಿಗೆ ಕತ್ತು ಅಗಲಿಸುವ ಡೈ ಬೇರೆ ಬರುತ್ತದೆ. ಲೈಮನ್‌ನವರ 'ಎಂ ಡೈ' ಅನ್ನುತ್ತಾರೆ. ಅದರಲ್ಲಿ ಎರಡು ಮೆಟ್ಟಿಲು. ಒಂದು ಕತ್ತನ್ನು ಅಗಲಿಸುತ್ತದೆ, ಇನ್ನೊಂದು ಬಾಯನ್ನು ಸ್ವಲ್ಪ ಜಾಸ್ತಿ ಬಿಚ್ಚುತ್ತದೆ. ಗುಂಡು ಸೀದಾ ಕೂರುತ್ತದೆ.

#24 ಸೀಸದ_ಸೀನ, ಶನಿವಾರ ರಾತ್ರಿ 8:30

ಅಂದರೆ ಗಡಸಿನಿಂದ ಫಲ ಬಂತು ಅಂತ ಒಪ್ಪಿದಿರಿ.

#25 ಬೇ_ಏರಿಯಾ_ಬಸ್ಯಾ, ಶನಿವಾರ ರಾತ್ರಿ 8:52

ಕೈ ತೊಳೆದುಕೊಳ್ಳಿ ಎಲ್ಲರೂ. ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿದ್ದೀರಾ ಯಾರಾದರೂ? ನಮ್ಮಲ್ಲಿ 2010ರಿಂದ ಸೀಸದ ವೀಲ್ ವೇಟ್ ಕೂಡ ಇಲ್ಲ. ಈಗಿನವುಗಳಲ್ಲಿ ಸತುವಿನವೂ ಇವೆ. ಗೊತ್ತಿಲ್ಲದೆ ಕುಲುಮೆಗೆ ಬಿದ್ದರೆ ಇಡೀ ಮಡಕೆ ಹಾಳು.

#26 ಗ್ಯಾರೇಜ್_ಗೌಡ, ಶನಿವಾರ ರಾತ್ರಿ 9:10

ಸತು 420 ಸೆಲ್ಸಿಯಸ್‌ಗೆ ಕರಗುತ್ತದೆ, ಸೀಸ 327ಕ್ಕೆ. ಉಷ್ಣತೆ ಹಿಡಿತದಲ್ಲಿ ಇದ್ದರೆ ಸತು ಮೇಲೆ ತೇಲುತ್ತದೆ, ಸೌಟಿನಲ್ಲಿ ಎತ್ತಿ ಬಿಸಾಕಿ. ಅದಕ್ಕೇ ಪಿಐಡಿ ಬೇಕು ಅಂತ ನಾನು ಹೇಳಿದ್ದು.

#27 ಹೇಮಾವತಿ_ದಂಡೆ, ಮೂರನೇ ಶನಿವಾರ ಮಧ್ಯಾಹ್ನ 3:33

ಎಂ ಡೈ ಹಾಕಿದೆ. ಗುಂಡು ಕಿತ್ತು ನೋಡಿದೆ, 0.311 ಹಾಗೇ ಇದೆ. 50 ಗಜಕ್ಕೆ ಐದು ಗುಂಡು, ಒಂದೂಕಾಲು ಇಂಚು. ಎಲ್ಲವೂ ದುಂಡು ತೂತು. ಹೊಲದ ಬೇಲಿ ಹತ್ತಿರ ನಿಂತು ಒಬ್ಬನೇ ನಕ್ಕೆ. ಮಂಜಣ್ಣ, ಆಸ್ಟಿನ್‌ಗೆ ಬಂದರೆ ಊಟ ನನ್ನದು.

ಒಂದು ಸಣ್ಣ ವಿಷಯ. ಮ್ಯಾಗಜಿನ್‌ಗೆ ಆರು ತುಂಬಿದ್ದೆ. ಐದು ಹೊಡೆದ ಮೇಲೆ ಆರನೆಯದು ಗಿಡ್ಡ ಕಾಣಿಸಿತು. ಅಳೆದರೆ 2.47 ಇಂಚು. ಹಾಕುವಾಗ 2.55 ಇತ್ತು. ಹೊಡೆದು ನೋಡಲೇ?

#28 ಕೋವಿಮನೆ, ಶನಿವಾರ ಮಧ್ಯಾಹ್ನ 3:36

ಹೊಡೆಯಬೇಡ! ಗುಂಡು ಒಳಗೆ ಹೋಗಿದೆ. ಒಳಗಿನ ಜಾಗ ಕಡಿಮೆ ಆದರೆ ಒತ್ತಡ ಏರುತ್ತದೆ. ಪಕ್ಕಕ್ಕೆ ಇಡು.

ಕೊಳವೆ ಮ್ಯಾಗಜಿನ್‌ನಲ್ಲಿ ತೋಟೆಗಳು ಒಂದರ ಹಿಂದೆ ಒಂದು ಸಾಲಾಗಿ ಕೂತಿರುತ್ತವೆ. ಸ್ಪ್ರಿಂಗ್ ತಳ್ಳುತ್ತದೆ, ಪ್ರತಿ ಹೊಡೆತಕ್ಕೂ ಕೋವಿ ಹಿಂದೆ ಜಿಗಿಯುತ್ತದೆ. ಬಾಯಿ ಬಿಗಿ ಇಲ್ಲದಿದ್ದರೆ ಗುಂಡು ಒಳಗೆ ಜಾರುತ್ತದೆ. ಗುಂಡಿನ ಮೂತಿ ಚಪ್ಪಟೆ ಇರುವುದೂ ಇದೇ ಸಾಲಿನ ಕಾರಣಕ್ಕೆ, ಮುಂದಿನ ತೋಟೆಯ ಪ್ರೈಮರ್‌ಗೆ ಚುಚ್ಚಬಾರದು ಅಂತ. ಕ್ರಿಂಪ್ ಮಾಡಲಿಲ್ಲವಾ?

#29 ಹೇಮಾವತಿ_ದಂಡೆ, ಶನಿವಾರ ಮಧ್ಯಾಹ್ನ 3:41

ಬೇಡ ಅಂದರಲ್ಲ. ನೋಡಿ, #14.

#30 ಸೀಸದ_ಸೀನ, ಶನಿವಾರ ಮಧ್ಯಾಹ್ನ 4:05

ನಾನು ಹೇಳಿದ್ದು ಬೋಲ್ಟ್ ರೈಫಲ್ ಲೆಕ್ಕದಲ್ಲಿ. ಲಿವರ್‌ಗೆ ಕ್ರಿಂಪ್ ಬೇಕು ಅನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ ಅಲ್ವಾ?

#31 ಮೈಕ್ರೊಮೀಟರ್_ಮಂಜ, ಶನಿವಾರ ಮಧ್ಯಾಹ್ನ 4:12

ಗುಂಡಿನ ಮೇಲೆ ಕ್ರಿಂಪಿಗೆ ಅಂತಲೇ ಒಂದು ಗೀರು ಇದೆ. ಕೇಸಿನ ಬಾಯಿ ಅದರೊಳಗೆ ಮಡಚಿಕೊಳ್ಳಬೇಕು. ಹಿಂಡುವಷ್ಟು ಬೇಡ. ಕೇಸುಗಳನ್ನೆಲ್ಲಾ ಒಂದೇ ಉದ್ದಕ್ಕೆ ಕತ್ತರಿಸಿದ್ದೀರಾ? ಉದ್ದ ಹೆಚ್ಚುಕಡಿಮೆ ಇದ್ದರೆ ಕ್ರಿಂಪ್ ಒಂದೊಂದಕ್ಕೆ ಒಂದೊಂದು ಥರ ಬೀಳುತ್ತದೆ.

#32 ಹೇಮಾವತಿ_ದಂಡೆ, ಶನಿವಾರ ಮಧ್ಯಾಹ್ನ 4:20

ಕೇಸು ಕತ್ತರಿಸಬೇಕಾ?

#33 ಗ್ಯಾರೇಜ್_ಗೌಡ, ಶನಿವಾರ ಸಂಜೆ 5:00

ಬೆಂಚಿನ ಫೋಟೋ ಹಾಕಿದ್ದೇನೆ, ಎಲ್ಲರೂ ನೋಡಿ. ಕೇಸ್ ಕತ್ತರಿಸಲು ಎಡಗಡೆ ಮೋಟಾರ್ ಇರುವುದು ಕಾಣುತ್ತದೆ.

#34 ಹೇಮಾವತಿ_ದಂಡೆ, ಶನಿವಾರ ರಾತ್ರಿ 9:27

ಕ್ರಿಂಪ್ ಇಲ್ಲದ ತೋಟೆ ಇನ್ನೂ 64 ಇವೆ. ಎಲ್ಲಾ ಸುತ್ತಿಗೆ ಹೊಡೆದು ಕೀಳುತ್ತಿದ್ದೇನೆ. ಮಗು ಮಲಗಿದೆ, ಗ್ಯಾರೇಜಿನಲ್ಲಿ ಕಂಬಳಿ ಹಾಸಿಕೊಂಡು ಕೂತಿದ್ದೇನೆ. ಗೌಡ್ರೆ, ಆ ಮೋಟಾರ್ ಎಷ್ಟಾಯಿತು?