ಮಿಷನರಿಯಾಗಿ ಪರದೇಶಕ್ಕೆ ಹೊರಟಿದ್ದೇನೆ: ಅಲ್ಲಿ ದಿನ ಹೇಗೆ ಕಳೆಯುತ್ತದೆ, ಪ್ರಾರ್ಥನೆ ಹೇಗೆ ಉಳಿಯುತ್ತದೆ?

ಪ್ರಶ್ನೆ – ಬೆಳ್ತಂಗಡಿಯವ

ನಾನು ಬೆಳ್ತಂಗಡಿ ಕಡೆಯವನು, ವಯಸ್ಸು 24. ತತ್ತ್ವಶಾಸ್ತ್ರದ ಓದು ಮುಗಿದಿದೆ. ದೈವಶಾಸ್ತ್ರಕ್ಕೆ ಸೇರುವ ಮೊದಲು ಎರಡು ವರ್ಷ ಪಪುವಾ ನ್ಯೂಗಿನಿಯ ಬೆಟ್ಟನಾಡಿನ ಒಂದು ಧರ್ಮಕೇಂದ್ರದಲ್ಲಿ ಇದ್ದು ಬರುವಂತೆ ನಮ್ಮ ಸಂನ್ಯಾಸಿ ಸಭೆಯ ಹಿರಿಯರು ಸೂಚಿಸಿದ್ದಾರೆ. ಒಪ್ಪಿದ್ದೇನೆ. ಒಪ್ಪಿದ ಮೇಲೆ ಭಯ ಶುರುವಾಗಿದೆ ಎಂಬುದನ್ನು ಇಲ್ಲಿ ಹೇಳಿಕೊಳ್ಳಲು ನಾಚಿಕೆಯಿಲ್ಲ.

ಕಾಡಿನ ಭಯವಲ್ಲ, ಮಲೇರಿಯಾದ ಭಯವೂ ಅಲ್ಲ. ನಮ್ಮ ಮನೆಯಲ್ಲಿ ರಾತ್ರಿ ಏಳೂವರೆಗೆ ಎಲ್ಲರೂ ಕೂತು ಕೊಂಕಣಿಯಲ್ಲಿ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಹೇಳುತ್ತೇವೆ. ಸೆಮಿನರಿಗೆ ಸೇರಿ ಇಂಗ್ಲಿಷಿನಲ್ಲಿ ಪ್ರಾರ್ಥಿಸಲು ಕಲಿತೆನಾದರೂ, ಮನಸ್ಸು ಕೆಟ್ಟ ದಿನ ಬಾಯಿಗೆ ಬರುವುದು ಆ ಕೊಂಕಣಿ ಪ್ರಾರ್ಥನೆಯೇ. ಅಲ್ಲಿ ಅದನ್ನು ಜೊತೆಯಲ್ಲಿ ಹೇಳುವವರು ಒಬ್ಬರೂ ಇರುವುದಿಲ್ಲ. ಇನ್ನೊಂದು ಮಾತು. ಪಕ್ಕದ ಮನೆಯ ಮಾಸ್ತರರು, "ಅಲ್ಲಿಯವರು ಹೆಚ್ಚಿನವರು ಆಗಲೇ ಕ್ರೈಸ್ತರಲ್ಲವೇ, ನೀನು ಹೋಗಿ ಮಾಡುವುದೇನು?" ಎಂದು ನೇರವಾಗಿ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಪರದೇಶದಲ್ಲಿ ಸೇವೆ ಮಾಡಿ ಬಂದವರು ದಯವಿಟ್ಟು ತಿಳಿಸಿ: ದಿನ ನಿಜವಾಗಿ ಯಾವುದರಲ್ಲಿ ಕಳೆಯುತ್ತದೆ? ಹಿಂತಿರುಗಿ ಬಂದುಬಿಡೋಣ ಎಂದು ನಿಮಗೆ ಯಾವಾಗಲಾದರೂ ಅನ್ನಿಸಿತ್ತೇ?

ಉತ್ತರ 1 – ಗೆಣಸು ತಿಂದು ಬಂದ ಫಾದರ್

ಬ್ರದರ್, ನಾನು ಆರು ವರ್ಷ ಮೌಂಟ್ ಹಾಗನ್ ಪಟ್ಟಣದಿಂದ ಆಚೆಯ ಒಂದು ಧರ್ಮಕೇಂದ್ರದಲ್ಲಿದ್ದೆ. ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಅನ್ನಿಸಿತ್ತು, ಮೊದಲ ವರ್ಷ ತಿಂಗಳಿಗೊಮ್ಮೆಯಾದರೂ ಅನ್ನಿಸಿತ್ತು. ಆದರೆ ರಾಜಧಾನಿ ಪೋರ್ಟ್ ಮೋರ್ಸ್‌ಬಿಗೂ ಬೆಟ್ಟನಾಡಿಗೂ ನಡುವೆ ರಸ್ತೆಯೇ ಇಲ್ಲ, ವಿಮಾನದಲ್ಲೇ ಹೋಗಬೇಕು. ಸಿಟ್ಟು ಬಂದ ರಾತ್ರಿಯೇ ಗಂಟುಮೂಟೆ ಕಟ್ಟಿ ಬಸ್ಸು ಹತ್ತುವ ಸೌಕರ್ಯ ಅಲ್ಲಿ ಇಲ್ಲದಿದ್ದುದು ನನ್ನ ಪಾಲಿಗೆ ಒಳ್ಳೆಯದೇ ಆಯಿತು.

ಆ ದೇಶದಲ್ಲಿ 800ಕ್ಕೂ ಹೆಚ್ಚು ಭಾಷೆಗಳಿವೆ. ಒಂದು ಕಣಿವೆಯವರ ಮಾತು ಮುಂದಿನ ಕಣಿವೆಯವರಿಗೆ ತಿಳಿಯುವುದಿಲ್ಲವಾದ್ದರಿಂದ ಎಲ್ಲರನ್ನೂ ಬೆಸೆಯುವುದು ಟೋಕ್ ಪಿಸಿನ್. ಕೇಳಲು ಮುರುಕು ಇಂಗ್ಲಿಷಿನಂತಿರುತ್ತದೆ, ಆದರೆ ಹಾಗೆಂದುಕೊಂಡವರು ಪೆಟ್ಟು ತಿನ್ನುತ್ತಾರೆ, ನಾನೂ ತಿಂದೆ. ಅದರಲ್ಲಿ 'ನಾವು' ಎನ್ನುವುದಕ್ಕೆ ಎರಡು ಮಾತುಗಳಿವೆ: ಕೇಳುತ್ತಿರುವವರನ್ನೂ ಸೇರಿಸಿಕೊಂಡರೆ 'ಯುಮಿ', ಅವರನ್ನು ಬಿಟ್ಟು ಹೇಳಿದರೆ 'ಮಿಪೆಲ'. ನಾನು ಮೂರನೆಯ ತಿಂಗಳಲ್ಲಿ ಎದೆಯುಬ್ಬಿಸಿಕೊಂಡು ಮೊದಲ ಪ್ರಬೋಧನೆ ಕೊಟ್ಟೆ. ದೇವರು ನಮ್ಮನ್ನು ಪ್ರೀತಿಸುತ್ತಾನೆ, ನಮ್ಮನ್ನು ಕ್ಷಮಿಸುತ್ತಾನೆ, ನಮ್ಮನ್ನು ಎಂದೂ ಕೈಬಿಡುವುದಿಲ್ಲ ಎಂದು ಇಪ್ಪತ್ತು ನಿಮಿಷ ಹೇಳಿದ್ದರಲ್ಲಿ ಪ್ರತಿಯೊಂದು 'ನಾವೂ' ಮಿಪೆಲವೇ ಆಗಿತ್ತು. ಪೂಜೆ ಮುಗಿದ ಮೇಲೆ ಒಬ್ಬ ಮುದುಕ ಹತ್ತಿರ ಬಂದು, ಬಹಳ ಮರ್ಯಾದೆಯಿಂದ, "ಫಾದರ್, ದೇವರು ನಿಮ್ಮವರನ್ನು ಇಷ್ಟು ಪ್ರೀತಿಸುತ್ತಾನೆಂದು ಕೇಳಿ ಸಂತೋಷವಾಯಿತು. ನಮ್ಮ ವಿಷಯದಲ್ಲಿ ಅವನು ಏನಾದರೂ ಹೇಳಿದ್ದಾನೆಯೇ?" ಎಂದು ಕೇಳಿದ.

ನೀವು ಬೆಳ್ತಂಗಡಿಯವರು, ನಿಮಗೆ ಈ ತಪ್ಪು ಆಗಬಾರದು. ಕೊಂಕಣಿಯಲ್ಲೂ ಇಂದಿನ ಕನ್ನಡದಲ್ಲೂ ಈ ಭೇದವಿಲ್ಲ, ಆದರೆ ನಮ್ಮ ತುಳುವಿನಲ್ಲಿ ಇದೆಯಲ್ಲ! ನಮ ಎಂದರೆ ಯುಮಿ, ಎಂಕುಲು ಎಂದರೆ ಮಿಪೆಲ. ಅಂಗಳದಲ್ಲಿ ಆಡುತ್ತಾ ಕಲಿತ ತುಳು ನನ್ನ ತಲೆಯಲ್ಲೇ ಇದ್ದರೂ ನಾನು ಇಂಗ್ಲಿಷಿನಿಂದ ಅನುವಾದಿಸುತ್ತಾ ಕೂತಿದ್ದೆ. ಇದು ಗೊತ್ತಾದ ದಿನ ಪ್ರಭುವಿನ ಪ್ರಾರ್ಥನೆಯೂ ಹೊಸದಾಗಿ ಕೇಳಿಸಿತು. ಅಲ್ಲಿ ಅದು 'ಪಾಪಾ ಬಿಲೋಂಗ್ ಮಿಪೆಲ' ಎಂದು ಆರಂಭವಾಗುತ್ತದೆ. ಮಾತು ದೇವರೊಡನೆಯಾದ್ದರಿಂದ ಆ 'ನಾವು' ಅವನನ್ನು ಬಿಟ್ಟ ನಾವು, ಅಂದರೆ ಹುಟ್ಟಿನಿಂದ ಆ ಬೆಟ್ಟದಲ್ಲೇ ಬಾಳಿದ ಮುದುಕನೂ ಮೂರು ತಿಂಗಳ ಹಿಂದೆ ಬಂದಿಳಿದ ನಾನೂ ಒಂದೇ ಕಡೆ ನಿಂತ ನಾವು. ನಲವತ್ತು ಜನರ ದನಿಯೊಳಗೆ ಅದನ್ನು ಹೇಳುವಾಗ, ನಮ್ಮ ಮನೆಯ ತೇರ್ಸಿನ ನೆನಪಿಗೆ ಅಲ್ಲಿಯವರೆಗೆ ಆಗುತ್ತಿದ್ದ ನೋವು ಸ್ವಲ್ಪ ಸಡಿಲವಾಯಿತು. ಕೊಂಕಣಿ ಪ್ರಾರ್ಥನೆಯನ್ನು ನಾನೇನೂ ಬಿಡಲಿಲ್ಲ, ರಾತ್ರಿ ಕೋಣೆಯಲ್ಲಿ ಒಬ್ಬನೇ ಗಟ್ಟಿಯಾಗಿ ಹೇಳುತ್ತಿದ್ದೆ. ಮೊದಮೊದಲು ಅಡುಗೆಯ ಹುಡುಗನಿಗೆ ಫಾದರ್ ಯಾರೊಡನೆಯೋ ಜಗಳವಾಡುತ್ತಿದ್ದಾರೆ ಅನ್ನಿಸುತ್ತಿತ್ತಂತೆ.

ಇನ್ನು ದಿನಚರಿ. ಬೆಳಿಗ್ಗೆ ಆರಕ್ಕೆ ಪೂಜೆ, ಆಮೇಲೆ ಗೆಣಸು. ಅಲ್ಲಿ ಅದನ್ನು 'ಕೌಕೌ' ಎನ್ನುತ್ತಾರೆ. ಬೇಯಿಸಿದ್ದು, ಸುಟ್ಟದ್ದು, ಹಬ್ಬದ ದಿನ ನೆಲದ ಗುಂಡಿಯಲ್ಲಿ ಕಾದ ಕಲ್ಲುಗಳ ನಡುವೆ ಹಂದಿಮಾಂಸದ ಜೊತೆ ಬೆಂದದ್ದು. ಅನ್ನ ಸಿಗುತ್ತದೆ, ಆದರೆ ಗೆಣಸಿನ ಜಾಗದಲ್ಲಿ ಅನ್ನ ಕೇಳುವವನು ಅತಿಥಿಯಾಗಿಯೇ ಉಳಿಯುತ್ತಾನೆ. ಆಮೇಲೆ ಶಾಲೆಯ ಛಾವಣಿ, ನೀರಿನ ಟ್ಯಾಂಕು, ಕೆಟ್ಟ ಜೀಪು. ಧರ್ಮಕೇಂದ್ರಕ್ಕೆ ಸೇರಿದ ದೂರದ ಊರುಗಳಿಗೆ ನಡೆದೇ ಹೋಗಬೇಕು. ಕೆಲವಕ್ಕೆ ನಾನು ಹೋಗುತ್ತಿದ್ದುದು ಎರಡು ತಿಂಗಳಿಗೊಮ್ಮೆ. ಉಳಿದ ಭಾನುವಾರಗಳಲ್ಲಿ ಜನರನ್ನು ಸೇರಿಸಿ ಪ್ರಾರ್ಥನೆ ನಡೆಸುವವನು ಅದೇ ಊರಿನ ಧರ್ಮೋಪದೇಶಕ, ಅಂದರೆ ಹೊಲವೂ ಹೆಂಡತಿ ಮಕ್ಕಳೂ ಇರುವ ಒಬ್ಬ ಸಾಮಾನ್ಯ ಗೃಹಸ್ಥ. ಆ ದೇಶದ ಮೊದಲ ಸಂತರಾಗಿ 2025ರ ಅಕ್ಟೋಬರ್ 19ರಂದು ಘೋಷಿತರಾದ ಪೀಟರ್ ಟೊ ರೊಟ್ ಕೂಡ ಪಾದ್ರಿಯಲ್ಲ, ಅಂಥ ಒಬ್ಬ ಧರ್ಮೋಪದೇಶಕರೇ. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರು ಮಿಷನರಿಗಳನ್ನು ಸೆರೆಯಲ್ಲಿಟ್ಟಾಗ ಜನರ ಪ್ರಾರ್ಥನೆ ನಿಲ್ಲದಂತೆ ನೋಡಿಕೊಂಡವರು, 1945ರಲ್ಲಿ ಕೊಲೆಯಾದವರು. ಮಾಸ್ತರರ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ನೀವು ದೇವರನ್ನು ಹೊತ್ತುಕೊಂಡು ಹೋಗುತ್ತಿಲ್ಲ. ಅವನು ಅಲ್ಲಿಯೇ ಇದ್ದಾನೆ. ನೀವು ಹೋಗಿ ಅಂಥ ಒಬ್ಬ ಧರ್ಮೋಪದೇಶಕನ ಕೈಕೆಳಗೆ ಎರಡು ವರ್ಷ ಕಲಿಯುತ್ತೀರಿ, ಸಾಧ್ಯವಾದಷ್ಟು ಕೆಲಸಕ್ಕೂ ಬರುತ್ತೀರಿ.

ಕಷ್ಟದ್ದನ್ನೂ ಹೇಳಬೇಕು. ಒಂದು ಮಗು ಜ್ವರದಿಂದ ತೀರಿಕೊಂಡರೆ, ಇದು ಯಾರ ಮಾಟ ಎಂಬ ಪ್ರಶ್ನೆ ಏಳುತ್ತದೆ. ಮಾಟವನ್ನು 'ಸಂಗುಮ' ಎನ್ನುತ್ತಾರೆ. ಬೆರಳು ತೋರಿಸುವುದು ಹೆಚ್ಚಾಗಿ ಹಿಂದೆ ಮುಂದೆ ಯಾರೂ ಇಲ್ಲದ ಹೆಂಗಸಿನ ಕಡೆಗೆ. ಮಾಟವನ್ನು ಕಾನೂನಿನಲ್ಲೇ ಒಪ್ಪಿಕೊಂಡಿದ್ದ 1971ರ ಕಾಯ್ದೆಯನ್ನು 2013ರಲ್ಲಿ ರದ್ದುಮಾಡಿದರು, ಮನಸ್ಸಿನಿಂದ ರದ್ದಾಗಲು ಇನ್ನೂ ಕಾಲ ಬೇಕು. ಒಂದು ರಾತ್ರಿ ನಾನೂ ನಮ್ಮ ಧರ್ಮೋಪದೇಶಕನೂ ಅಂಥ ಒಬ್ಬ ವಿಧವೆಯ ಮನೆಯ ಬಾಗಿಲಲ್ಲಿ ಬೆಳಗಾಗುವ ತನಕ ಕೂತಿದ್ದೆವು. ಮಾತಾಡಿದವನು ಅವನು. ನನಗೆ ಬರುತ್ತಿದ್ದ ಭಾಷೆ ಅಂಥ ರಾತ್ರಿಗೆ ಸಾಲುತ್ತಿರಲಿಲ್ಲ, ಆದ್ದರಿಂದ ಸುಮ್ಮನೆ ಜಪಸರ ಹಿಡಿದು ಬೆಂಕಿಗೆ ಸೌದೆ ಒಟ್ಟುತ್ತಿದ್ದೆ. ಸೆಮಿನರಿಯಲ್ಲಿ ಓದಿದ ಯಾವ ಪಾಠವೂ ನನಗೆ ಆಗ ನೆನಪಾಗಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ.

ಒಂದು ಸಂತೋಷದ ಸುದ್ದಿ: ಅಲ್ಲಿ ಊರಿಗೆ ಊರೇ ಅಡಿಕೆ ಜಗಿಯುತ್ತದೆ. ಹಸಿ ಅಡಿಕೆ, ಸುಣ್ಣ. ವೀಳ್ಯದೆಲೆಯ ಬದಲು ಅದೇ ಬಳ್ಳಿಯ ಕಾಯಿ. ಕೆಂಪು ಉಗುಳು ಕಂಡ ಕೂಡಲೇ ನಮ್ಮ ಅಜ್ಜಿಯ ಜಗಲಿ ನೆನಪಾಯಿತು.

ಉತ್ತರ 2 – ಮಂಡ್ಯದ ಸಿಸ್ಟರ್

ತಮ್ಮಾ, ನಾನು ನರ್ಸ್. ತಾಂಜಾನಿಯದ ಒಳನಾಡಿನ ಒಂದು ಸಣ್ಣ ಚಿಕಿತ್ಸಾಲಯದಲ್ಲಿ ಒಂಬತ್ತು ವರ್ಷ ಇದ್ದೆ. ಫಾದರ್ ಹೇಳಿದಷ್ಟು ಚೆನ್ನಾಗಿ ಹೇಳಲು ನನಗೆ ಬಾರದು. ಆದರೆ ಭಾಷೆ ತಪ್ಪಿದರೆ ಮುದುಕ ನಗುತ್ತಾನೆ ಎಂದಷ್ಟೇ ತಿಳಿಯಬೇಡಿ, ನನ್ನ ತಪ್ಪನ್ನು ಅನುಭವಿಸಿದವಳು ಒಬ್ಬ ರೋಗಿ.

ಅಲ್ಲಿಯ ಸ್ವಾಹಿಲಿ ಭಾಷೆಯಲ್ಲಿ ಗಂಟೆಯ ಲೆಕ್ಕ ಸೂರ್ಯ ಹುಟ್ಟಿದಲ್ಲಿಂದ ಆರಂಭವಾಗುತ್ತದೆ. ನಮ್ಮ ಬೆಳಗಿನ ಏಳು ಅವರಿಗೆ ಒಂದನೆಯ ಗಂಟೆ, ನಮ್ಮ ಎಂಟು ಅವರಿಗೆ ಎರಡು. ಪುಸ್ತಕದಲ್ಲಿ ಓದಿದ್ದೆ, ಆದರೂ ಕೆಲಸದ ನೂಕುನುಗ್ಗಲಿನಲ್ಲಿ ಒಬ್ಬ ಹೆಂಗಸಿಗೆ ಮಾತ್ರೆ ಕೊಟ್ಟು, ದಿನಕ್ಕೆರಡು ಸಲ 'ಸಾ ನಾನೆ', ಎಂಟು ಗಂಟೆಗೆ, ಎಂದುಬಿಟ್ಟೆ. ಅವರ ಎಂಟು ಎಂದರೆ ನಮ್ಮ ಎರಡು. ಆಕೆ ಒಂದು ವಾರ ಮಧ್ಯಾಹ್ನ ಎರಡಕ್ಕೂ ನಡುರಾತ್ರಿ ಎರಡಕ್ಕೂ ಮಾತ್ರೆ ನುಂಗಿದ್ದಾಳೆ. ರಾತ್ರಿ ನಿದ್ದೆ ಹೋದೀತೆಂದು ಮಗನನ್ನು ಕಾವಲು ಕೂರಿಸಿಕೊಂಡಿದ್ದಾಳೆ. ಮತ್ತೆ ಬಂದಾಗ ಕಣ್ಣು ಊದಿಕೊಂಡಿದ್ದವು. "ಸಿಸ್ಟರ್ ಹೇಳಿದ ಮೇಲೆ ಮಾಡಬೇಕಲ್ಲ" ಎಂದಳು. ಅವಳಿಗೆ ಏನೂ ಅಪಾಯವಾಗಲಿಲ್ಲ. ಆದರೆ ಅಷ್ಟು ನಂಬಿಕೆಯನ್ನು ನನ್ನ ಮೇಲೆ ಇಟ್ಟವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅಂದು ಸಂಜೆ ಗುಡಿಯಲ್ಲಿ ಕೂತು, ನಾನು ದೇವರ ಮಾತನ್ನು ಅವಳಷ್ಟು ಅಕ್ಷರಶಃ ಎಂದಾದರೂ ಪಾಲಿಸಿದ್ದೇನೆಯೇ ಎಂದು ಲೆಕ್ಕ ಹಾಕಿದೆ; ಉತ್ತರ ಚೆನ್ನಾಗಿರಲಿಲ್ಲ.

ಊಟದ ವಿಷಯದಲ್ಲಿ ನನಗೆ ಕಷ್ಟವಾಗಲಿಲ್ಲ. 'ಉಗಾಲಿ' ಎಂಬುದು ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಮೊದಲ ದಿನ ಮಂಡ್ಯದ ಅಭ್ಯಾಸದಂತೆ ಸಾರಿನಲ್ಲಿ ಅದ್ದಿ ನುಂಗಿದೆ. ಎದುರಿಗಿದ್ದ ಮಕ್ಕಳು, ಸಿಸ್ಟರ್‌ಗೆ ಹಲ್ಲಿಲ್ಲ ಎಂದು ಊರಿಗೆಲ್ಲ ಹೇಳಿ ಬಂದರು. ನಿಮಗೆ ಹೇಳುವುದಿಷ್ಟೇ. ಪ್ರಾರ್ಥನೆ ಬಾರದ ದಿನಗಳು ಬರುತ್ತವೆ, ಆ ದಿನ ಗಾಯ ಕಟ್ಟುವುದೋ ನೀರು ಸೇದುವುದೋ ಯಾವುದಾದರೂ ಕೈಕೆಲಸಕ್ಕೆ ಇಳಿಯಿರಿ. ಮೂರು ವಾರ ಬಿಟ್ಟೂ ಬಾರದಿದ್ದರೆ ನಿಮ್ಮ ಹಿರಿಯರಲ್ಲಿ ಬಾಯಿಬಿಟ್ಟು ಹೇಳಿ. ನಾನು ಒಂದು ವರ್ಷ ಹೇಳದೆ ಒಳಗೇ ನುಂಗಿಕೊಂಡಿದ್ದೆ, ಅದರಿಂದ ಯಾರಿಗೂ ಪುಣ್ಯ ಬರಲಿಲ್ಲ.

ಉತ್ತರ 3 – ಹಳೆಯ ಪುಸ್ತಕಗಳ ಹುಚ್ಚಿನವ, ಧಾರವಾಡ

ನಾನು ಕ್ರೈಸ್ತನಲ್ಲ, ಮತಾಂತರದ ಬಗ್ಗೆ ಮಾಸ್ತರರಿಗಿರುವ ಅನುಮಾನ ನನಗೂ ಇದೆ. ಆದರೂ ಎರಡು ಮಾತು ಹೇಳಬೇಕೆನ್ನಿಸಿತು, ಏಕೆಂದರೆ ನೀವು ಕೇಳುತ್ತಿರುವ ಪ್ರಶ್ನೆಯನ್ನು ನಮ್ಮ ನೆಲದ ಮೇಲೆ ನಿಂತು ಕೇಳಿಕೊಂಡ ಪರದೇಶಿ ಹುಡುಗರಿದ್ದರು. ಬಾಸೆಲ್ ಮಿಷನ್ನಿನ ಮೊಗ್ಲಿಂಗ್ 1836ರಲ್ಲಿ ಬಂದಾಗ ಅವರಿಗೆ 25 ವರ್ಷ; ಏಳು ವರ್ಷದಲ್ಲಿ, 1843ರ ಜುಲೈ 1ರಂದು, ಕಲ್ಲಚ್ಚಿನಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಹೊರಡಿಸಿದರು. ಕಿಟ್ಟೆಲ್ 1853ರಲ್ಲಿ ಬಂದಾಗ ಅವರಿಗೆ 21, ನಿಮಗಿಂತ ಚಿಕ್ಕವರು. ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿಗೆ ಇಳಿಸಿ 1862ರಲ್ಲಿ 'ಕಥಾಮಾಲೆ' ಬರೆದರು. 1864ರಲ್ಲಿ ಹೆಂಡತಿ ತೀರಿಕೊಂಡರು. ನಿಘಂಟು ಅಚ್ಚಾದದ್ದು 1894ರಲ್ಲಿ, ಅಂದರೆ ಬಂದ 41 ವರ್ಷಗಳ ಮೇಲೆ. ಸುವಾರ್ತೆ ಸಾರಲು ಬಂದವರು ಹಳಗನ್ನಡದ ಒಂದು ಪದದ ಅರ್ಥಕ್ಕಾಗಿ ದಿನಗಟ್ಟಲೆ ಕೂತದ್ದು ನಂಬಿಕೆಯ ಕೆಲಸವೇ ಅಲ್ಲವೇ ಎಂಬುದನ್ನು ನಿಮ್ಮಂಥವರೇ ಹೇಳಬೇಕು. ನನ್ನ ಮೇಜಿನ ಮೇಲೆ ಆ ನಿಘಂಟಿದೆ, ಮತಾಂತರದ ಲೆಕ್ಕಪುಸ್ತಕವಿಲ್ಲ.

ಒಂದು ತಕರಾರು. ಆ ನಿಘಂಟಿನ ಹಿಂದೆ ಕನ್ನಡದ ಪಂಡಿತರ ದುಡಿಮೆಯೂ ಇದೆ, ಆದರೆ ಮುಖಪುಟದಲ್ಲಿರುವ ಹೆಸರು ಕಿಟ್ಟೆಲರದೊಂದೇ. ಫಾದರ್ ಹೇಳಿದ ಧರ್ಮೋಪದೇಶಕನ ಹೆಸರು, ನೀವು ಹಿಂತಿರುಗಿ ಬಂದು ಬರೆಯುವ ವರದಿಯಲ್ಲಿ ಬರುತ್ತದೆಯೋ ಇಲ್ಲವೋ ಎಂದು ನೋಡುತ್ತಿರುತ್ತೇನೆ.

ಬೆಳ್ತಂಗಡಿಯವ

ಮೂವರಿಗೂ ವಂದನೆಗಳು. ಮಾಸ್ತರರಿಗೆ ಮೊದಲ ಉತ್ತರವನ್ನು ಓದಿ ಹೇಳಿದೆ. "ಕಲಿಯಲು ಹೋಗುವುದಾದರೆ ಹೋಗು" ಎಂದರು, ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. ಅಮ್ಮನದೊಂದು ಪ್ರಶ್ನೆ ಉಳಿದಿದೆ: ವಾರಕ್ಕೊಮ್ಮೆಯಾದರೂ ರಾತ್ರಿ ತೇರ್ಸಿನ ಹೊತ್ತಿಗೆ ಫೋನು ಮಾಡಿ ಜೊತೆಯಲ್ಲೇ ಹೇಳಲು ಆಗುತ್ತದೆಯೇ?

ಗೆಣಸು ತಿಂದು ಬಂದ ಫಾದರ್

ಇಲ್ಲಿಯ ಏಳೂವರೆ ಅಲ್ಲಿಯ ನಡುರಾತ್ರಿ, ಗಡಿಯಾರ ನಾಲ್ಕೂವರೆ ಗಂಟೆ ಮುಂದಿದೆ. ನಮ್ಮಲ್ಲಿ ಹತ್ತಕ್ಕೆ ಜನರೇಟರ್ ಆರಿಸುತ್ತಿದ್ದರು. ಸಿಗ್ನಲ್ ಬೇಕಾದರೆ ಗುಡಿಯ ಹಿಂದಿನ ದಿಬ್ಬ ಹತ್ತಬೇಕಿತ್ತು, ಕತ್ತಲಲ್ಲಿ ಅದು ಬೇಡ. ಭಾನುವಾರ ಮಧ್ಯಾಹ್ನ ಒಂದಕ್ಕೆ ಎಂದು ಅಮ್ಮನಿಗೆ ಹೇಳಿ. ಆಗ ಅಲ್ಲಿ ಸಂಜೆ ಐದೂವರೆ, ದಿಬ್ಬದ ಮೇಲೆ ಇನ್ನೂ ಬೆಳಕಿರುತ್ತದೆ. ಸ್ವೆಟರ್ ಹಾಕಿಕೊಂಡು ಹೋಗಿ.